ಯು.ಎಸ್.ಡಿ.ಎ. ಗ್ರಾಮೀಣ ಮನೆ ಸಾಲ: ಟೆಕ್ಸಾಸ್‌ನ ಕಾಲಿನ್ ಕೌಂಟಿಯಲ್ಲಿ ಯಾರಿಗೆ, ಯಾವ ಮನೆಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕೃಷಿ ಇಲಾಖೆಯ (ಯು.ಎಸ್.ಡಿ.ಎ.) ಸಾಲದಲ್ಲಿ ಡೌನ್ ಪೇಮೆಂಟ್ (ಕೈಯಿಂದ ಹಾಕುವ ಮೊದಲ ಹಣ) ಇಲ್ಲದೆ ಮನೆ ಸಿಗುತ್ತದೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಎಲ್ಲರೂ ಮೊದಲು ಕೇಳುವುದು ಬಡ್ಡಿ ಎಷ್ಟು ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಈ ಸಾಲಕ್ಕೆ ಮೂರು ಬೀಗ: ಸಾಲ ಕೇಳುವವರು ಯಾರು, ಮನೆಮಂದಿಯ ಒಟ್ಟು ಆದಾಯ ಎಷ್ಟು, ಮನೆ ನಿಂತಿರುವ ಜಾಗ ಯಾವುದು. ಎರಡು ತೆರೆದು ಮೂರನೆಯದು ತೆರೆಯದಿದ್ದರೆ ಅಲ್ಲಿಗೆ ಮುಗಿಯಿತು.

ಹಣ ಕೊಡುವುದು ಸರ್ಕಾರವೋ, ಬ್ಯಾಂಕೋ?

ಇಲ್ಲಿ ಹೇಳುತ್ತಿರುವ ಗ್ಯಾರಂಟೀಡ್ ಸಾಲದಲ್ಲಿ ಹಣ ಬ್ಯಾಂಕಿನದು ಅಥವಾ ಮಾರ್ಟ್‌ಗೇಜ್ ಕಂಪನಿಯದು. ಅಮೆರಿಕದ ಕೃಷಿ ಇಲಾಖೆಯ ರೂರಲ್ ಡೆವಲಪ್‌ಮೆಂಟ್ ವಿಭಾಗ ಅದಕ್ಕೆ ಜಾಮೀನು ನಿಲ್ಲುತ್ತದೆ. ಅವಧಿ 30 ವರ್ಷ, ಬಡ್ಡಿ ಸ್ಥಿರ, ಬೇರೆ ಅವಧಿ ಇಲ್ಲ. ಜಾಮೀನಿಗೆ ಎರಡು ಶುಲ್ಕ: ಆರಂಭದಲ್ಲಿ ಸಾಲದ ಶೇ. 1, ಆಮೇಲೆ ಪ್ರತಿವರ್ಷ ಉಳಿದ ಅಸಲಿನ ಮೇಲೆ ಶೇ. 0.35. ಶೇ. 1ನ್ನು ಸಾಲಕ್ಕೇ ಸೇರಿಸಬಹುದು. ವಾರ್ಷಿಕ ಶುಲ್ಕ ಮಾತ್ರ ಸಾಲ ಇರುವಷ್ಟು ದಿನವೂ ಇರುತ್ತದೆ. ಸಾಮಾನ್ಯ ಸಾಲದ ಪಿ.ಎಂ.ಐ. (ಡೌನ್ ಪೇಮೆಂಟ್ ಕಡಿಮೆಯಿದ್ದಾಗ ಕಟ್ಟುವ ಸಾಲದ ವಿಮೆ) ಥರ ನಡುವೆ ಬಿಟ್ಟುಹೋಗುವುದಿಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡವೂ ಇಲ್ಲ.

ಇದೇ ಇಲಾಖೆ ನೇರವಾಗಿ ಕೊಡುವ ಇನ್ನೊಂದು ಸಾಲವಿದೆ, ಡೈರೆಕ್ಟ್ ಲೋನ್ ಅನ್ನುತ್ತಾರೆ. ಅದು ಕಡಿಮೆ ಆದಾಯದವರಿಗೆ, 33 ಅಥವಾ 38 ವರ್ಷಕ್ಕೆ, ಬಡ್ಡಿ ಸಹಾಯಧನದೊಂದಿಗೆ. ಅರ್ಜಿ ಇಲಾಖೆಗೇ ಹೋಗಬೇಕು, ಆದಾಯದ ಮಿತಿಯೂ ಬೇರೆ. ಇದರ ನಿಯಮ ಅದಕ್ಕೆ, ಅದರ ನಿಯಮ ಇದಕ್ಕೆ ಹಚ್ಚಿ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು.

ಕೃಷಿ ಇಲಾಖೆ ಅಂದಮೇಲೆ ಜಮೀನು, ಬೇಸಾಯ ಇರಬೇಕಾ?

ಬೇಡ. ಬೇಸಾಯದ ಜಾಗವೇ ತೊಂದರೆ ತರುತ್ತದೆ. ಅದನ್ನು ಮುಂದೆ ನೋಡೋಣ.

ನಾನು ಎಚ್-1ಬಿ (ಕೆಲಸದ ವೀಸಾ) ಮೇಲೆ ಇದ್ದೇನೆ. ಸಿಗುತ್ತದಾ?

ಸಿಗುವುದಿಲ್ಲ. ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೇ ಕಾನೂನಿನ ಭಾಷೆಯಲ್ಲಿ ‘ಕ್ವಾಲಿಫೈಡ್ ಏಲಿಯನ್’ ಆಗಿರಬೇಕು. ನಮ್ಮವರ ಮಟ್ಟಿಗೆ ಹೇಳುವುದಾದರೆ ಗ್ರೀನ್ ಕಾರ್ಡ್ ಕೈಯಲ್ಲಿರಬೇಕು. ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಪಾಸಾಗಿದೆ, ಇ.ಎ.ಡಿ. (ಕೆಲಸದ ಅನುಮತಿ ಪತ್ರ) ಬಂದಿದೆ, ಪ್ರಯಾರಿಟಿ ಡೇಟ್ (ಸರದಿಯ ದಿನಾಂಕ) ಹತ್ತಿರ ಬಂದಿದೆ ಎನ್ನುವುದೆಲ್ಲ ಇಲ್ಲಿ ಎಣಿಕೆಗೆ ಬರುವುದಿಲ್ಲ. 2025ರ ಮೇ 25ರಿಂದ ಎಫ್.ಎಚ್.ಎ. (ಸರ್ಕಾರ ಬೆಂಬಲಿಸುವ ಇನ್ನೊಂದು ಮನೆ ಸಾಲ) ಸಾಲವೂ ಕಾಯಂ ನಿವಾಸಿಗಳಲ್ಲದವರಿಗೆ ನಿಂತಿದೆ. ಎಚ್-1ಬಿ ಇರುವವರಿಗೆ ಉಳಿದ ದಾರಿ ಸಾಮಾನ್ಯ ಕನ್ವೆನ್ಷನಲ್ ಸಾಲ, ಅಂದರೆ ಸರ್ಕಾರದ ಜಾಮೀನಿಲ್ಲದ ಸಾಲ.

ಹೆಂಡತಿಗೆ ಗ್ರೀನ್ ಕಾರ್ಡ್ ಇದೆ, ನನಗಿಲ್ಲ. ಅವಳ ಹೆಸರಲ್ಲಿ ಮಾತ್ರ ತೆಗೆದುಕೊಂಡರೆ?

ತೆಗೆದುಕೊಳ್ಳಬಹುದು. ಆದರೆ ಲೆಕ್ಕ ಎರಡೂ ಕಡೆಯಿಂದ ಹಿಡಿಯುತ್ತದೆ.

ಈ ಸಾಲದಲ್ಲಿ ಆದಾಯವನ್ನು ಎರಡು ಸಲ ಎಣಿಸುತ್ತಾರೆ. ಒಂದು, ಅರ್ಹತೆಗೆ: ಮನೆಯಲ್ಲಿ ಇರುವ ವಯಸ್ಕರೆಲ್ಲರ ಸಂಪಾದನೆಯೂ ಸೇರುತ್ತದೆ, ಸಾಲದ ಪತ್ರದಲ್ಲಿ ಅವರ ಹೆಸರು ಇರಲಿ ಬಿಡಲಿ. ಇನ್ನೊಂದು, ಕಂತು ಕಟ್ಟುವ ಶಕ್ತಿಗೆ: ಇಲ್ಲಿ ಸಾಲಕ್ಕೆ ಸಹಿ ಹಾಕಿದವರ ಆದಾಯ ಮಾತ್ರ. ಹೆಂಡತಿಗೆ 60,000, ನಿಮಗೆ 90,000 ಡಾಲರ್ ಬರುತ್ತಿದ್ದರೆ ಅರ್ಹತೆಯ ಲೆಕ್ಕಕ್ಕೆ 1,50,000, ಕಂತಿನ ಲೆಕ್ಕಕ್ಕೆ ಬರೀ 60,000. ನಾಲ್ಕು ಜನರೊಳಗಿನ ಮನೆಯ ಆದಾಯ ಮಿತಿ (ಅದನ್ನು ಮುಂದೆ ನೋಡೋಣ) ದಾಟಿತು, ಕಂತಿಗೂ ಸಾಲದು.

ಇದರ ಮೇಲೆ ಟೆಕ್ಸಾಸ್ ‘ಕಮ್ಯುನಿಟಿ ಪ್ರಾಪರ್ಟಿ’ ರಾಜ್ಯ, ಅಂದರೆ ಮದುವೆಯಾದ ಮೇಲಿನ ಆಸ್ತಿ-ಸಾಲವನ್ನು ಸಾಮಾನ್ಯವಾಗಿ ಇಬ್ಬರದೂ ಎಂದು ನೋಡುವ ರಾಜ್ಯ. ಸಹಿ ಹಾಕದ ಗಂಡನ ಕಾರ್ ಲೋನ್, ಕ್ರೆಡಿಟ್ ಕಾರ್ಡ್ ಬಾಕಿಯೂ ಹೆಂಡತಿಯ ಸಾಲದ ಲೆಕ್ಕಕ್ಕೆ ಬರುತ್ತದೆ. ಅವನ ಸಂಬಳ ಬೇಡ, ಅವನ ಸಾಲ ಬೇಕು. ಅನ್ಯಾಯ ಅನ್ನಿಸಬಹುದು, ನಿಯಮ ಇರುವುದೇ ಹಾಗೆ.

ಆದಾಯದ ಮಿತಿ ಎಷ್ಟು?

ಕೌಂಟಿಯಿಂದ ಕೌಂಟಿಗೆ ಬದಲಾಗುತ್ತದೆ, ವರ್ಷಕ್ಕೊಮ್ಮೆ ಪರಿಷ್ಕರಣೆಯೂ ಆಗುತ್ತದೆ. 2025ರ ಪಟ್ಟಿಯಲ್ಲಿ ದೇಶದ ಬಹುಪಾಲು ಕೌಂಟಿಗಳಿಗೆ ಅನ್ವಯಿಸುವ ಮೂಲಮಿತಿ 1ರಿಂದ 4 ಜನರ ಮನೆಗೆ 1,19,850 ಡಾಲರ್, 5ರಿಂದ 8 ಜನರಿಗೆ 1,58,250 ಡಾಲರ್. ದುಬಾರಿ ಪ್ರದೇಶಗಳಿಗೆ ಇದಕ್ಕಿಂತ ಹೆಚ್ಚು. ಯು.ಎಸ್.ಡಿ.ಎ. ಎಲಿಜಿಬಿಲಿಟಿ (ಅರ್ಹತೆ ನೋಡುವ) ವೆಬ್‌ಸೈಟಿನಲ್ಲಿ ರಾಜ್ಯ, ಕೌಂಟಿ ಆರಿಸಿ ಕಾಲಿನ್‌ನ ಈ ವರ್ಷದ ಅಂಕಿಯನ್ನು ನೀವೇ ನೋಡಿಕೊಳ್ಳಿ. ಕೆಳಗಿನ ಉದಾಹರಣೆಗಳಿಗೆ ಮೂಲಮಿತಿಯನ್ನೇ ಹಿಡಿದಿದ್ದೇವೆ. ನಾಲ್ಕು ಜನಕ್ಕೂ ಐದು ಜನಕ್ಕೂ ನಡುವೆ 38,400 ಡಾಲರ್ ಅಂತರವಿದೆ, ಇದನ್ನು ನೆನಪಿಟ್ಟುಕೊಳ್ಳಿ.

ಅಪ್ಪ-ಅಮ್ಮ ನಮ್ಮ ಜೊತೆಗಿದ್ದಾರೆ. ಅವರೂ ಎಣಿಕೆಗೆ ಬರುತ್ತಾರಾ?

ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಬಂದವರು ಅತಿಥಿಗಳು, ಅವರನ್ನು ಮನೆಮಂದಿ ಎಂದು ತೋರಿಸಲಾಗದು. ಗ್ರೀನ್ ಕಾರ್ಡ್ ಪಡೆದು ನಿಮ್ಮ ಮನೆಯನ್ನೇ ಕಾಯಂ ಮನೆ ಮಾಡಿಕೊಂಡಿದ್ದರೆ ಎಣಿಕೆಗೆ ಬರುತ್ತಾರೆ. ಆಗ ಗಂಡ, ಹೆಂಡತಿ, ಮಗು, ಅಪ್ಪ, ಅಮ್ಮ ಸೇರಿ ಐದು ಜನ, 5ರಿಂದ 8 ಜನರ ಮಿತಿ ಅನ್ವಯ. ಜೊತೆಗೆ ಅವರ ಆದಾಯವನ್ನೂ ಹೇಳಬೇಕು: ಊರಿನ ಪಿಂಚಣಿ, ಮನೆ ಬಾಡಿಗೆ, ಎಲ್ಲ. ರೂಪಾಯಿಯಲ್ಲಿ ಬರುವುದರಿಂದ ಅದು ಆದಾಯವಲ್ಲ ಎಂಬ ವಾದ ನಡೆಯುವುದಿಲ್ಲ.

ಸಂಬಳ ಮಿತಿಗಿಂತ ಸ್ವಲ್ಪ ಹೆಚ್ಚಿದೆ. ಕೈಬಿಡಬೇಕಾ?

ಆತುರ ಬೇಡ. ಮಿತಿಗೆ ಹೋಲಿಸುವುದು ಕಡಿತಗಳನ್ನು ಕಳೆದ ಆದಾಯವನ್ನು. 18ರ ಕೆಳಗಿನ ಪ್ರತಿ ಮಗುವಿಗೆ 480 ಡಾಲರ್ ಕಳೆಯುತ್ತಾರೆ. ಇದು ಪುಡಿಕಾಸು. ದೊಡ್ಡದು ಡೇ ಕೇರ್: 12 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳನ್ನು ನೋಡಿಕೊಳ್ಳಲು, ನೀವು ಕೆಲಸಕ್ಕೆ ಹೋಗುವ ಸಲುವಾಗಿ ಕೊಡುವ ಹಣ ಪೂರ್ತಿ ಕಳೆಯುತ್ತದೆ. ತಿಂಗಳಿಗೆ 1,200 ಡಾಲರ್ ಕೊಡುತ್ತಿದ್ದರೆ ವರ್ಷಕ್ಕೆ 14,400. ಇಬ್ಬರು ಮಕ್ಕಳ 960 ಸೇರಿಸಿ, 15,360 ಆಯಿತು. ಒಟ್ಟು 1,30,000 ಬರುವ ನಾಲ್ಕು ಜನರ ಮನೆ 1,14,640ಕ್ಕೆ ಇಳಿದು ಮಿತಿಯೊಳಗೆ ಬಂತು.

ರಸೀದಿ ಬೇಕು. ಪರಿಚಯದ ಆಂಟಿಗೆ ಕೈಯಲ್ಲಿ ಕ್ಯಾಷ್ ಕೊಡುತ್ತಿದ್ದರೆ ದಾಖಲೆ ಇಲ್ಲ, ಕಡಿತವೂ ಇಲ್ಲ. ಮನೆಯಲ್ಲಿ 62 ದಾಟಿದ ಅರ್ಜಿದಾರರಿದ್ದರೆ ಅದಕ್ಕೂ, ಅವರ ವೈದ್ಯಕೀಯ ಖರ್ಚಿನ ಒಂದು ಭಾಗಕ್ಕೂ ಕಡಿತವಿದೆ. ಪೂರ್ಣಾವಧಿ ಓದುತ್ತಿರುವ ದೊಡ್ಡ ಮಗ ಪಾರ್ಟ್ ಟೈಮ್ ದುಡಿದರೆ ಅದರಲ್ಲಿ 480 ಡಾಲರ್ ಮಾತ್ರ ಎಣಿಸುತ್ತಾರೆ.

ಹಾಗಾದರೆ ಎಷ್ಟು ಬೆಲೆಯ ಮನೆ ತೆಗೆದುಕೊಳ್ಳಬಹುದು?

ಗ್ಯಾರಂಟೀಡ್ ಸಾಲದಲ್ಲಿ ಬೆಲೆಗೆ ಗರಿಷ್ಠ ಮಿತಿ ಇಲ್ಲ. ಆದರೂ ಗೋಡೆ ಅಡ್ಡ ಬರುತ್ತದೆ, ಕಾಲಿನ್‌ನಲ್ಲಿ ಬೇಗನೇ ಬರುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ.

3 ಲಕ್ಷ ಡಾಲರ್ ಮನೆ. ಶೇ. 1 ಶುಲ್ಕ ಸೇರಿಸಿದರೆ ಸಾಲ 3,03,030 ಡಾಲರ್ (3 ಲಕ್ಷವನ್ನು 0.99ರಿಂದ ಭಾಗಿಸಬೇಕು, 1.01ರಿಂದ ಗುಣಿಸುವುದಲ್ಲ). ಬಡ್ಡಿ ಶೇ. 6.5 ಅಂದುಕೊಂಡರೆ ಅಸಲು-ಬಡ್ಡಿ ತಿಂಗಳಿಗೆ 1,915. ವಾರ್ಷಿಕ ಶುಲ್ಕದ ತಿಂಗಳ ಪಾಲು ಸುಮಾರು 88. ಆಸ್ತಿ ತೆರಿಗೆ ಶೇ. 2 ಹಿಡಿದರೆ 500. ಆಲಿಕಲ್ಲು ಬೀಳುವ ಸೀಮೆಯಾದ್ದರಿಂದ ಮನೆ ವಿಮೆಗೆ 300 ಇಡೋಣ. ಒಟ್ಟು 2,803 ಡಾಲರ್.

ಮನೆಯ ಖರ್ಚು ಆದಾಯದ ಶೇ. 29ರೊಳಗೆ, ಎಲ್ಲ ಸಾಲ ಸೇರಿ ಶೇ. 41ರೊಳಗೆ ಇರಬೇಕು ಎನ್ನುವುದು ಮೂಲ ನಿಯಮ. ಶೇ. 29ಕ್ಕೆ 2,803 ಹೊಂದಬೇಕಾದರೆ ವರ್ಷಕ್ಕೆ ಸುಮಾರು 1,16,000 ಡಾಲರ್ ಬೇಕು. ಮಿತಿ 1,19,850. ನಡುವೆ ಉಳಿದದ್ದು ನಾಲ್ಕು ಸಾವಿರ ಡಾಲರಿನ ಗಲ್ಲಿ! ಕ್ರೆಡಿಟ್ ಸ್ಕೋರ್ (ಸಾಲ ತೀರಿಸಿದ ಚರಿತ್ರೆಗೆ ಕೊಡುವ ಅಂಕ) 680 ಅಥವಾ ಹೆಚ್ಚಿದ್ದು ಬೇರೆ ಬಲವಾದ ಕಾರಣಗಳಿದ್ದರೆ ಶೇ. 32/44ರವರೆಗೆ ವಿನಾಯಿತಿ ಕೇಳಬಹುದು. ಆಗ ಸುಮಾರು 1,05,000ದ ಆದಾಯವೂ ಸಾಕಾಗುತ್ತದೆ. ಇಲಾಖೆಯ ಕಂಪ್ಯೂಟರ್ ವ್ಯವಸ್ಥೆ ‘ಅಕ್ಸೆಪ್ಟ್’ ಎಂದರೆ ಇನ್ನೂ ಸಡಿಲ ಸಿಗುವುದುಂಟು. ಅದಕ್ಕೆ ಬಹಳಷ್ಟು ಲೆಂಡರ್‌ಗಳು (ಸಾಲ ಕೊಡುವವರು) ಕನಿಷ್ಠ 640 ಸ್ಕೋರ್ ಕೇಳುತ್ತಾರೆ.

ಫ್ರಿಸ್ಕೊದಲ್ಲಿ ಎರಡು ಐ.ಟಿ. ಸಂಬಳ ಬರುವ ಮನೆಗೆ ಇದು ಹೇಳಿ ಮಾಡಿಸಿದ ಸಾಲವಲ್ಲ. ಒಂದೇ ಸಂಬಳದ ಸಂಸಾರ, ಸ್ಕೂಲ್ ಟೀಚರ್, ನರ್ಸ್, ಅಂಗಡಿ-ಹೋಟೆಲಿನಲ್ಲಿ ದುಡಿಯುವವರು, ಈಚೆಗೆ ಗ್ರೀನ್ ಕಾರ್ಡ್ ಬಂದು ಉಳಿತಾಯ ಇನ್ನೂ ಆಗದವರು: ಇವರಿಗೆ ಹೊಂದುತ್ತದೆ.

ಬ್ಯಾಂಕಿನಲ್ಲಿ ಚೆನ್ನಾಗಿ ದುಡ್ಡಿದೆ, ಮೈಸೂರಿನಲ್ಲಿ ಸ್ವಂತ ಮನೆಯೂ ಇದೆ. ತೊಂದರೆಯಾ?

ದುಡ್ಡು ತೊಂದರೆ ಆಗಬಹುದು. ಶೇ. 20 ಡೌನ್ ಪೇಮೆಂಟಿಗೆ ಸಾಕಾಗುವಷ್ಟು ಹಣ ಕೈಯಲ್ಲಿದ್ದು, ಕ್ಲೋಸಿಂಗ್ (ಮನೆ ಕೈಬದಲಾಗುವ ದಿನದ) ಖರ್ಚಿಗೂ ಇದ್ದು, ಮನೆಯ ಖರ್ಚು ಮತ್ತು ಒಟ್ಟು ಸಾಲ ಆದಾಯದ ಶೇ. 28/36ರೊಳಗಿದ್ದು, ಕ್ರೆಡಿಟ್ ಚರಿತ್ರೆಯೂ ಸರಿಯಿದ್ದರೆ ‘ನಿಮಗೆ ಸಾಮಾನ್ಯ ಸಾಲ ಸಿಗುತ್ತದೆ, ಅಲ್ಲಿಗೆ ಹೋಗಿ’ ಎನ್ನುತ್ತದೆ ನಿಯಮ. ನಿವೃತ್ತಿ ಖಾತೆಯ ಹಣ ಈ ಎಣಿಕೆಗೆ ಬರುವುದಿಲ್ಲ. ಒಟ್ಟು ಆಸ್ತಿ 50,000 ಡಾಲರ್ ಮುಟ್ಟಿದರೆ ಅದರಿಂದ ಬರುವ ಆದಾಯವನ್ನೂ ಸೇರಿಸುತ್ತಾರೆ, ಊರಿನ ಎಫ್.ಡಿ. ಬಡ್ಡಿಯೂ ಸೇರಿ.

ಮೈಸೂರಿನ ಮನೆಯಿಂದ ದಿನಾ ಡಲ್ಲಾಸಿಗೆ ಕೆಲಸಕ್ಕೆ ಬರಲಾಗುವುದಿಲ್ಲ. ಹಾಗಾಗಿ ಅದು ತಾನಾಗಿಯೇ ಅಡ್ಡಿಯಲ್ಲ. ನಿಯಮ ನೋಡುವುದು ಓಡಾಡುವ ದೂರದಲ್ಲಿ ವಾಸಕ್ಕೆ ಯೋಗ್ಯವಾದ ಇನ್ನೊಂದು ಮನೆ ಇದೆಯೇ ಎಂದು. ಆದರೆ ಅರ್ಜಿಯಲ್ಲಿ ಬರೆಯಬೇಕು, ಬಾಡಿಗೆ ಬರುತ್ತಿದ್ದರೆ ಅದನ್ನೂ, ಅದರ ಮೇಲೆ ಸಾಲ ಇದ್ದರೆ ಆ ಕಂತನ್ನೂ.

ಕಾಲಿನ್ ಕೌಂಟಿ ಪೂರ್ತಿ ಪಟ್ಟಣವಲ್ಲವೇ? ಗ್ರಾಮೀಣ ಎಲ್ಲಿದೆ?

2020ರ ಜನಗಣತಿಯಲ್ಲೇ ಹತ್ತು ಲಕ್ಷ ದಾಟಿದ ಕೌಂಟಿ ಇದು. ಪ್ಲೇನೋ, ಫ್ರಿಸ್ಕೊ, ಆಲನ್, ಮೆಕಿನ್ನಿ ಪಟ್ಟಣಗಳ ಮಾತೇ ಬೇಡ. ನೋಡಬೇಕಾದ್ದು ಲವಾನ್ ಕೆರೆಯ ಆಚೆ, ಪೂರ್ವ ಮತ್ತು ಈಶಾನ್ಯಕ್ಕೆ: ಬ್ಲೂ ರಿಜ್, ಫಾರ್ಮರ್ಸ್‌ವಿಲ್, ಅವುಗಳ ಸುತ್ತಿನ ಬಯಲು. ಫಾರ್ಮರ್ಸ್‌ವಿಲ್ ಒಂದು ಕಾಲಕ್ಕೆ ಈರುಳ್ಳಿಗೆ ಹೆಸರಾದ ಊರು. ಈಗ ಜನಸಂಖ್ಯೆ ಮೂರೂವರೆ ಸಾವಿರದ ಆಸುಪಾಸು.

ಕಾನೂನಿನ ಅಳತೆ ಹೀಗಿದೆ. ಪಟ್ಟಣಕ್ಕೆ ಅಂಟಿಕೊಳ್ಳದ ಬಯಲು ಗ್ರಾಮೀಣ. 2,500ರವರೆಗಿನ ಊರು ಗ್ರಾಮೀಣ. 10,000ದವರೆಗೆ, ಹಳ್ಳಿಯ ಲಕ್ಷಣ ಉಳಿದಿದ್ದರೆ, ಗ್ರಾಮೀಣ. 10,000ದಿಂದ 20,000ದವರೆಗೂ ಒಂದು ಅವಕಾಶವಿದೆ, ಆದರೆ ಮಹಾನಗರ ವಲಯದ ಹೊರಗಿನ ಊರಿಗೆ ಮಾತ್ರ. ಕಾಲಿನ್ ಇರುವುದು ಡಲ್ಲಾಸ್-ಫೋರ್ಟ್ ವರ್ತ್ ವಲಯದ ಒಳಗೆ, ಆದ್ದರಿಂದ ಆ ಬಾಗಿಲು ಇಲ್ಲಿ ಮುಚ್ಚಿದೆ. ಹಿಂದಿನಿಂದ ಗ್ರಾಮೀಣ ಎಂದು ಗುರುತಾಗಿ ಬಂದ ಊರುಗಳಿಗೆ 35,000ದವರೆಗೆ ವಿನಾಯಿತಿ ಉಂಟು, ಲಕ್ಷಣ ಉಳಿದಿದ್ದರೆ.

ಗೆಳೆಯರೊಬ್ಬರು ಕೆಲವು ವರ್ಷದ ಹಿಂದೆ ಪಕ್ಕದ ಊರಲ್ಲಿ ಇದೇ ಸಾಲ ತೆಗೆದುಕೊಂಡರಲ್ಲ?

ಅವರದು ಆ ವರ್ಷದ ನಕ್ಷೆ. ಪ್ರಿನ್ಸ್‌ಟನ್ ನೋಡಿ: 2010ರಲ್ಲಿ 6,807 ಜನ, 2020ರಲ್ಲಿ 17,027, 2024ರ ಅಂದಾಜಿನಲ್ಲಿ 37 ಸಾವಿರ. ಆ ವರ್ಷ ದೇಶದಲ್ಲೇ ಅತಿ ವೇಗವಾಗಿ ಬೆಳೆದ ನಗರ ಎಂದು ಜನಗಣತಿ ಇಲಾಖೆ ಹೆಸರಿಸಿತು. ಇಂಥ ಕಡೆ ಹಳೆಯ ಮಾತು ನಂಬಿ ಅರ್ನೆಸ್ಟ್ ಮನಿ (ಕರಾರಿನ ಮುಂಗಡ) ಕೊಡಬೇಡಿ.

ನಕ್ಷೆಯಲ್ಲಿ ವಿಳಾಸ ನೋಡುವುದು ಹೇಗೆ?

ಎಲಿಜಿಬಿಲಿಟಿ ವೆಬ್‌ಸೈಟಿನಲ್ಲಿ ‘ಸಿಂಗಲ್ ಫ್ಯಾಮಿಲಿ ಹೌಸಿಂಗ್ ಗ್ಯಾರಂಟೀಡ್’ ಆರಿಸಿ. ಬೇರೆ ಯೋಜನೆಗಳ ನಕ್ಷೆಯೂ ಅಲ್ಲೇ ಇದೆ, ಅವುಗಳ ಗಡಿ ಬೇರೆ. ಪೂರ್ತಿ ವಿಳಾಸ ಹಾಕಿ. ಬಣ್ಣ ಬಳಿದ ಭಾಗ ಅನರ್ಹ. ಹೊಸ ಲೇಔಟ್ ಆಗಿದ್ದರೆ ವಿಳಾಸ ಸಿಗದಿರಬಹುದು, ಆಗ ನಕ್ಷೆಯನ್ನು ದೊಡ್ಡದು ಮಾಡಿ ಮನೆಯ ಜಾಗದ ಮೇಲೆಯೇ ಗುರುತು ಇಡಿ. ಗಡಿ ಎಷ್ಟೋ ಕಡೆ ರಸ್ತೆಯ ನಡುವೆಯೇ ಹೋಗುತ್ತದೆ. ಎಡಬದಿಯ ಮನೆಗೆ ಸಾಲ ಸಿಕ್ಕಿ ಎದುರುಮನೆಗೆ ಸಿಗದಿರುವುದು ಅದಕ್ಕೇ.

ಅಂಚೆ ವಿಳಾಸದ ಊರಿನ ಹೆಸರಿಗೆ ಬೆಲೆ ಕೊಡಬೇಡಿ. ‘ಮೆಕಿನ್ನಿ’ ಎಂದು ಪತ್ರ ಬರುವ ಮನೆ ನಗರದ ಗಡಿಯಿಂದ ಹೊರಗೆ ಇರಬಹುದು. ‘ಯು.ಎಸ್.ಡಿ.ಎ. ಎಲಿಜಿಬಲ್’ ಎಂದು ಲಿಸ್ಟಿಂಗಿನಲ್ಲಿ ಬರೆದಿರುವುದಕ್ಕೂ ಬೆಲೆ ಇಲ್ಲ, ಅದನ್ನು ಬರೆದವರು ಮಾರುವವರು. ಆಫರ್ ಹಾಕುವ ದಿನವೇ ಫಲಿತಾಂಶದ ಪುಟವನ್ನು ತಾರೀಖಿನೊಂದಿಗೆ ಪ್ರಿಂಟ್ ಮಾಡಿಡಿ. ಅಂತಿಮ ತೀರ್ಮಾನ ಇಲಾಖೆಯದೇ.

ಎರಡು-ಮೂರು ಎಕರೆ ಇರುವ ಮನೆ ಕೊಳ್ಳಬಹುದಾ? ನಾಲ್ಕು ಹಸು ಸಾಕೋಣ ಅಂತ.

ಆ ಸುತ್ತಿನಲ್ಲಿ ಅಷ್ಟು ಜಾಗ ಸಾಮಾನ್ಯವಾಗಿದ್ದರೆ ಆಕ್ಷೇಪ ಬರುವುದಿಲ್ಲ. ಆದಾಯ ತರುವ ಜಾಗ ಇರಬಾರದು: ವ್ಯಾಪಾರಕ್ಕಿರುವ ಹಸಿರುಮನೆ, ಮಾರಾಟಕ್ಕೆ ದನ ಸಾಕುವ ಕೊಟ್ಟಿಗೆ, ಬಾಡಿಗೆಗೆ ಕೊಟ್ಟ ಹುಲ್ಲುಗಾವಲು ಇಂಥವು. ಸಾಮಾನು ಇಡುವ ಶೆಡ್ ಇದ್ದರೆ ಪರವಾಗಿಲ್ಲ. ಈಜುಕೊಳವೂ ಸರಿ.

ಇಲ್ಲಿ ಅನೇಕ ಸಣ್ಣ ಜಮೀನುಗಳಿಗೆ ‘ಆ್ಯಗ್’ ತೆರಿಗೆ, ಅಂದರೆ ಬೇಸಾಯದ ಜಾಗಕ್ಕಿರುವ ಕಡಿಮೆ ತೆರಿಗೆ ಇರುತ್ತದೆ. ಹುಲ್ಲು ಕೊಯ್ದುಕೊಂಡು ಹೋಗಲು ಯಾರಿಗೋ ಕೊಟ್ಟು ತೆರಿಗೆ ಉಳಿಸಿಕೊಂಡಿರುತ್ತಾರೆ. ಆ ಗುತ್ತಿಗೆ ಅಪ್ರೈಸರ್ (ಸಾಲಕ್ಕಾಗಿ ಮನೆಯ ಬೆಲೆ ಕಟ್ಟುವವರು) ಕಣ್ಣಿಗೆ ಬಿದ್ದರೆ ಪ್ರಶ್ನೆ ಏಳುತ್ತದೆ. ಅದನ್ನು ನಿಲ್ಲಿಸಿ ಜಾಗದ ಬಳಕೆ ಬದಲಿಸಿದರೆ ಹಿಂದಿನ ಮೂರು ವರ್ಷದ ತೆರಿಗೆಯ ವ್ಯತ್ಯಾಸ, ಅಂದರೆ ರೋಲ್‌ಬ್ಯಾಕ್, ವಸೂಲಾಗುತ್ತದೆ. ಅದನ್ನು ಯಾರು ಕಟ್ಟಬೇಕು ಎಂಬುದನ್ನು ಕರಾರಿನಲ್ಲೇ ಬರೆಸಿ.

ಅಪ್ರೈಸಲ್‌ನಲ್ಲಿ ಮನೆ ಯಾಕೆ ಬಿದ್ದುಹೋಗುತ್ತದೆ?

ಇಲ್ಲಿ ಮೊದಲ ಕಾರಣ ಮಣ್ಣು. ಈ ಸೀಮೆಗೆ ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಎನ್ನುತ್ತಾರೆ. ಗದಗ-ಧಾರವಾಡದ ಕಡೆಯವರಿಗೆ ಹೇಳಬೇಕಾದ್ದೇ ಇಲ್ಲ, ನಮ್ಮ ಎರೆಮಣ್ಣಿನದೇ ಜಾತಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲೆ ಕೂತ ಕಾಂಕ್ರೀಟ್ ಹಾಸು ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಮನೆ ನೋಡಲು ಹೋದಾಗ ಅಡುಗೆಮನೆಯ ಗ್ರಾನೈಟ್ ಆಮೇಲೆ ನೋಡಿ. ಮೊದಲು ಕಿಟಕಿ-ಬಾಗಿಲ ಮೂಲೆಯಿಂದ ಓರೆಯಾಗಿ ಎದ್ದ ಬಿರುಕು, ಹೊರಗಿನ ಇಟ್ಟಿಗೆಯಲ್ಲಿ ಮೆಟ್ಟಿಲಿನ ಹಾಗೆ ಸಾಗಿದ ಸೀಳು, ಚಿಲಕ ಕೂರದ ಮಲಗುಕೋಣೆ ಬಾಗಿಲು ಇವೆಯೇ ನೋಡಿ. ಅಪ್ರೈಸರ್ ಇವನ್ನು ಬರೆದರೆ ಸ್ಟ್ರಕ್ಚರಲ್ ಎಂಜಿನಿಯರ್ ವರದಿ ಕೇಳುತ್ತಾರೆ, ಎರಡು-ಮೂರು ವಾರ ಹೋಯಿತು.

ಎರಡನೆಯದು ಸೆಪ್ಟಿಕ್. ಎರೆಮಣ್ಣು ನೀರು ಹೀರುವುದಿಲ್ಲ, ಅದಕ್ಕೇ ಇಲ್ಲಿ ಸಂಸ್ಕರಿಸಿದ ನೀರನ್ನು ಅಂಗಳಕ್ಕೆ ಚಿಮ್ಮಿಸುವ ಏರೋಬಿಕ್ ವ್ಯವಸ್ಥೆ ಹೆಚ್ಚು. ಇದಕ್ಕೆ ನಿರ್ವಹಣೆ ಒಪ್ಪಂದ ಇರಬೇಕು, ನಾಲ್ಕು ತಿಂಗಳಿಗೊಮ್ಮೆ ತಪಾಸಣೆಯ ವರದಿ ಇರಬೇಕು. ಮಾರುವವರ ಹತ್ತಿರ ಆ ವರದಿಗಳನ್ನು ಕೇಳಿ ಪಡೆಯಿರಿ. ಅಂಗಳದಲ್ಲಿ ಒಂದೇ ಕಡೆ ಹುಲ್ಲು ಕಡುಹಸಿರಾಗಿ ಕಾಲಿಟ್ಟರೆ ಪಚಕ್ ಎನ್ನುತ್ತಿದ್ದರೆ ಹುಷಾರು.

ಈ ಭಾಗದಲ್ಲಿ ಹೆಚ್ಚಿನ ಮನೆಗಳಿಗೆ ಯುಟಿಲಿಟಿ ಡಿಸ್ಟ್ರಿಕ್ಟಿನ ನಲ್ಲಿ ನೀರಿದೆ. ಸ್ವಂತ ಬೋರ್‌ವೆಲ್ ಇದ್ದರೆ ನೀರಿನ ಪರೀಕ್ಷೆ ಕಡ್ಡಾಯ. ಸೆಪ್ಟಿಕ್ ಟ್ಯಾಂಕಿನಿಂದ 50 ಅಡಿ, ನೀರು ಇಂಗುವ ಜಾಗದಿಂದ 100 ಅಡಿ ದೂರವಿರಬೇಕು. ಇಂಗುವ ಜಾಗದ ದೂರ ಸ್ಥಳೀಯ ಅಧಿಕಾರಿಗಳು ಒಪ್ಪಿದರೆ 75 ಅಡಿಗೆ ಇಳಿಯಬಹುದು. ಖಾಸಗಿ ರಸ್ತೆಯಾದರೆ ಮಳೆಗಾಲದಲ್ಲೂ ಗಾಡಿ ಹೋಗುವಂತಿರಬೇಕು, ಹಕ್ಕಿನ ದಾಖಲೆ ಇರಬೇಕು. ಕೆರೆ-ಹಳ್ಳದ ಹತ್ತಿರವಿದ್ದರೆ ಫೆಮಾ (ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ನಕ್ಷೆ ನೋಡಿ. ಪ್ರವಾಹ ವಲಯವಾದರೆ ಆ ವಿಮೆ ಕಡ್ಡಾಯ, ಆ ಕಂತೂ ಶೇ. 29ರ ಲೆಕ್ಕದೊಳಗೇ ಬರುತ್ತದೆ.

ಕೈಯಿಂದ ಏನೂ ಹಾಕಬೇಕಾಗಿಲ್ಲವೇ?

ಡೌನ್ ಪೇಮೆಂಟ್ ಇಲ್ಲ, ಕ್ಲೋಸಿಂಗ್ ಖರ್ಚು ಇದೆ. ಅದಕ್ಕೆ ಮೂರು ದಾರಿ. ಮಾರುವವರು ಬೆಲೆಯ ಶೇ. 6ರವರೆಗೆ ಕೊಡಬಹುದು. ಊರಿನಿಂದ ಅಪ್ಪ-ಅಮ್ಮ ಉಡುಗೊರೆಯಾಗಿ ಕಳಿಸಬಹುದು: ಗಿಫ್ಟ್ ಲೆಟರ್, ಅವರ ಖಾತೆಯಿಂದ ಹೊರಟ ದಾಖಲೆ, ನಿಮ್ಮ ಖಾತೆಗೆ ಬಂದ ದಾಖಲೆ ಮೂರೂ ಬೇಕು. ನಡುವೆ ಚಿಕ್ಕಪ್ಪನ ಖಾತೆ ಹಾಯ್ದು ಬಂದರೆ ವಿವರಣೆ ಬರೆದೂ ಬರೆದೂ ಸಾಕಾಗುತ್ತದೆ. ಮೂರನೆಯ ದಾರಿ ಈ ಸಾಲದ ವಿಶೇಷ: ಮನೆಗೆ ಕೊಟ್ಟ ಬೆಲೆ 2,90,000 ಇದ್ದು ಅಪ್ರೈಸಲ್ 2,96,000 ಬಂದರೆ ನಡುವಿನ 6,000 ಡಾಲರನ್ನು ಕ್ಲೋಸಿಂಗ್ ಖರ್ಚಿಗೆ ಸಾಲವಾಗಿಯೇ ಪಡೆಯಬಹುದು.

ಎಷ್ಟು ದಿನ ಹಿಡಿಯುತ್ತದೆ?

ಬೇರೆ ಸಾಲಕ್ಕಿಂತ ಒಂದು ಮೆಟ್ಟಿಲು ಹೆಚ್ಚು. ಲೆಂಡರ್ ಒಪ್ಪಿದ ಮೇಲೆ ಕಡತ ಇಲಾಖೆಗೆ ಹೋಗಿ ಕಂಡೀಷನಲ್ ಕಮಿಟ್‌ಮೆಂಟ್ (ಜಾಮೀನಿಗೆ ಷರತ್ತಿನ ಒಪ್ಪಿಗೆ) ಬರಬೇಕು. 30 ದಿನಕ್ಕೆ ಕ್ಲೋಸಿಂಗ್ ಎಂದು ಕರಾರು ಮಾಡಿಕೊಂಡರೆ ಉಸಿರು ಕಟ್ಟುತ್ತದೆ, 45 ದಿನ ಕೇಳಿ. ಟೆಕ್ಸಾಸ್‌ನ ಥರ್ಡ್ ಪಾರ್ಟಿ ಫೈನಾನ್ಸಿಂಗ್ ಅಡೆಂಡಮ್‌ನಲ್ಲಿ (ಕರಾರಿಗೆ ಲಗತ್ತಿಸುವ ಸಾಲದ ಪತ್ರ) ಯು.ಎಸ್.ಡಿ.ಎ. ಪೆಟ್ಟಿಗೆಗೇ ಗುರುತು ಬಿದ್ದಿದೆಯೇ ನೋಡಿ. ಕನ್ವೆನ್ಷನಲ್‌ಗೆ ಬಿದ್ದಿದ್ದರೆ ಸಾಲ ಸಿಗದಾಗ ಅರ್ನೆಸ್ಟ್ ಮನಿ ವಾಪಸ್ ಪಡೆಯುವುದು ಕಷ್ಟ. ವಾಷಿಂಗ್ಟನ್‌ನಲ್ಲಿ ಬಜೆಟ್ ಜಗಳವಾಗಿ ಸರ್ಕಾರ ಬಂದ್ ಆದರೆ ಹೊಸ ಕಮಿಟ್‌ಮೆಂಟ್ ನಿಲ್ಲುತ್ತದೆ. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಬಂದ್ ಆಗಿತ್ತು. ಸೆಪ್ಟೆಂಬರ್ ಕೊನೆಗೆ ಕರಾರು ಮಾಡುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಹೊಸ ಮನೆ ಕೊಂಡ ಎರಡನೇ ವರ್ಷ ಕಂತು ಏಕಾಏಕಿ ಏರಿತು. ಬಡ್ಡಿ ಸ್ಥಿರ ಅಂದಿದ್ದರಲ್ಲ?

ಬಡ್ಡಿ ಏರಿಲ್ಲ, ಎಸ್ಕ್ರೋ (ತೆರಿಗೆ-ವಿಮೆಗೆಂದು ಕಂತಿನ ಜೊತೆ ತೆಗೆದಿಡುವ ಹಣ) ಏರಿದೆ. ಟೆಕ್ಸಾಸ್‌ನಲ್ಲಿ ಆಸ್ತಿಯ ಬೆಲೆ ಕಟ್ಟುವುದು ಜನವರಿ 1ರ ಸ್ಥಿತಿಗೆ. ಅಂದು ಖಾಲಿ ಸೈಟು ಇದ್ದರೆ ಮೊದಲ ಬಿಲ್ಲು 70,000ಕ್ಕೆ ಮಾತ್ರ ಬರುತ್ತದೆ, ಶೇ. 2ರಂತೆ 1,400 ಡಾಲರ್. ಮುಂದಿನ ವರ್ಷ 3 ಲಕ್ಷಕ್ಕೆ 6,000. ಎಸ್ಕ್ರೋವನ್ನು ಖಾಲಿ ಸೈಟಿನ ಲೆಕ್ಕದಲ್ಲಿ ಇಟ್ಟಿದ್ದರೆ ಕೊರತೆ 4,600. ಅದನ್ನು 12 ತಿಂಗಳಿಗೆ ಹಂಚಿದರೆ 383, ಮುಂದಿನ ತೆರಿಗೆಗೆ ಇನ್ನೊಂದು 383, ಒಟ್ಟು ತಿಂಗಳಿಗೆ 766 ಡಾಲರ್ ಏರಿಕೆ. ಕ್ಲೋಸಿಂಗ್ ದಿನವೇ ‘ತೆರಿಗೆ ಲೆಕ್ಕ ಸೈಟಿನದೋ, ಪೂರ್ತಿ ಮನೆಯದೋ’ ಎಂದು ಕೇಳಿ. ಹೊಸ ಲೇಔಟಿನಲ್ಲಿ ಮಡ್ ಅಥವಾ ಪಿಡ್ ಎಂಬ, ಲೇಔಟಿನ ನೀರು-ರಸ್ತೆಯಂಥ ಸೌಕರ್ಯಕ್ಕೆ ಹಾಕುವ ಪ್ರತ್ಯೇಕ ತೆರಿಗೆ ಇದೆಯೇ ಎಂಬುದನ್ನು ಅದಕ್ಕೂ ಮುಂಚೆಯೇ, ಆಫರ್ ಹಾಕುವಾಗಲೇ ಕೇಳಬೇಕು.

ಮನೆಗೆ ಹೋದ ಮೇಲೆ ಡ್ರೈವಿಂಗ್ ಲೈಸೆನ್ಸಿನ ವಿಳಾಸ ಬದಲಿಸಿ, ತೆರಿಗೆಗೆ ಬೆಲೆ ಕಟ್ಟುವ ಕಾಲಿನ್ ಅಪ್ರೈಸಲ್ ಡಿಸ್ಟ್ರಿಕ್ಟಿಗೆ ಹೋಮ್‌ಸ್ಟೆಡ್ (ಸ್ವಂತ ವಾಸದ ಮನೆಯ ತೆರಿಗೆ ವಿನಾಯಿತಿ) ಅರ್ಜಿ ಹಾಕಿ. 2025ರಿಂದ ಶಾಲಾ ತೆರಿಗೆಗೆ ಮನೆಯ ಬೆಲೆಯಲ್ಲಿ 1,40,000 ಡಾಲರ್ ಬಿಟ್ಟು ಲೆಕ್ಕ ಹಾಕುತ್ತಾರೆ. ಕೊನೆಯ ದಿನ ಏಪ್ರಿಲ್ 30. ಅರ್ಜಿಗೆ ಶುಲ್ಕವಿಲ್ಲ. ‘ನಾವು ಮಾಡಿಸಿಕೊಡುತ್ತೇವೆ, 75 ಡಾಲರ್’ ಎಂದು ಅಂಚೆಯಲ್ಲಿ ಬರುವ ಸರ್ಕಾರಿ ನಮೂನೆಯಂಥ ಕಾಗದವನ್ನು ಕಸದ ಬುಟ್ಟಿಗೆ ಹಾಕಿ.